ಡಯಾನಾ ಸಾವು, ಗ್ರಹಣ ಮತ್ತು ಸ್ಥಿರ ನಕ್ಷತ್ರಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ವೇಲ್ಸ್‌ನ ರಾಜಕುಮಾರಿ ಡಯಾನಾ ತೀರಿಕೊಂಡು ಇಷ್ಟು ವರ್ಷವಾದರೂ ಅವರ ಜಾತಕದ ಚರ್ಚೆ ನಿಂತಿಲ್ಲ. ಗ್ರಹಣ ಮತ್ತು ಸ್ಥಿರ ನಕ್ಷತ್ರಗಳ ಬಗ್ಗೆ ಕಲಿಯಲು ಶುರು ಮಾಡಿದವರು ಮೊದಲು ಎದುರಾಗುವುದೇ ಈ ಜಾತಕಕ್ಕೆ. ನಾನೂ ಹಾಗೇ ಕಲಿತೆ. ಪೆನ್ಸಿಲ್ ಹಿಡಿದು ಎಷ್ಟು ಸಲ ಈ ಕುಂಡಲಿ ಬರೆದಿದ್ದೇನೋ ಲೆಕ್ಕವಿಲ್ಲ. ನನಗೆ ಮತ್ತೆ ಮತ್ತೆ ಬರುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ. ಎಲ್ಲಿ ಲೆಕ್ಕ ಗಟ್ಟಿಯಾಗಿದೆ, ಎಲ್ಲಿ ಎಳೆದು ಕೂರಿಸಿದ್ದಾರೆ ಅನ್ನುವುದನ್ನು ಬಿಡಿಸಿ ಹೇಳುವುದು ನನಗೆ ಮುಖ್ಯ.

ಮೊದಲು, ನಡೆದದ್ದೇನು?

1997ರ ಆಗಸ್ಟ್ 31, ಪ್ಯಾರಿಸ್. ಮಧ್ಯರಾತ್ರಿ ದಾಟಿ ಸುಮಾರು 12.23ಕ್ಕೆ ಪೋಂ ದ ಲಾಲ್ಮಾ ಸುರಂಗದಲ್ಲಿ ಡಯಾನಾ ಇದ್ದ ಮರ್ಸಿಡಿಸ್ ಕಾರು ಕಂಬಕ್ಕೆ ಗುದ್ದಿತು. ಜೊತೆಗಿದ್ದ ಗೆಳೆಯ ಡೋಡಿ ಫಯೇದ್ ಮತ್ತು ಚಾಲಕ ಅಲ್ಲೇ ತೀರಿಕೊಂಡರು. ಅಂಗರಕ್ಷಕ ಒಬ್ಬರೇ ಉಳಿದರು. ಡಯಾನಾ ಅವರನ್ನು ಪಿಟಿಯೆ ಸಾಲ್‌ಪೆಟ್ರಿಯೆರ್ ಆಸ್ಪತ್ರೆಗೆ ಸೇರಿಸಿದರು. ಬೆಳಗಿನ ಜಾವ 4 ಗಂಟೆಗೆ ತೀರಿಕೊಂಡರು. ಆಗ ಅವರಿಗೆ 36 ವರ್ಷ.

ಚಾಲಕ ಕುಡಿದಿದ್ದ. ವೇಗ ಮಿತಿ ಮೀರಿತ್ತು. ಫೋಟೋ ತೆಗೆಯುವವರು ಬೆನ್ನು ಹತ್ತಿದ್ದರು. ಡಯಾನಾ ಸೀಟ್ ಬೆಲ್ಟ್ ಹಾಕಿರಲಿಲ್ಲ. 2008ರಲ್ಲಿ ಲಂಡನ್‌ನ ವಿಚಾರಣೆಯಲ್ಲಿ ಜ್ಯೂರಿ ಹೇಳಿದ್ದೂ ಇದನ್ನೇ: ಮರ್ಸಿಡಿಸ್ ಚಾಲಕನ ಮತ್ತು ಹಿಂಬಾಲಿಸಿದ ವಾಹನಗಳ ಘೋರ ನಿರ್ಲಕ್ಷ್ಯದ ಚಾಲನೆಯಿಂದ ಆದ ಸಾವು ಇದು ಅಂತ.

ಸಾವಿನ ಕಾರಣ ಇಷ್ಟೇ. ಮುಂದೆ ಗ್ರಹಣದ ಬಗ್ಗೆ ಎಷ್ಟೇ ಬರೆದರೂ ಈ ಕಾರಣದ ಜಾಗಕ್ಕೆ ಗ್ರಹಣ ಬಂದು ಕೂರುವುದಿಲ್ಲ. ಗ್ರಹಣದಿಂದ ಯಾರಾದರೂ ಸಾಯುತ್ತಾರೆ ಎನ್ನಲು ವಿಜ್ಞಾನದಲ್ಲಿ ಯಾವ ಆಧಾರವೂ ಇಲ್ಲ. ಜ್ಯೋತಿಷ್ಯ ಇಲ್ಲಿ ಮಾಡುವುದು ಅರ್ಥ ಹುಡುಕುವ ಕೆಲಸ ಮಾತ್ರ.

ಅವರ ಜನ್ಮ ವಿವರ ಏನು? ಅದನ್ನು ನಂಬಬಹುದಾ?

1961ರ ಜುಲೈ 1, ಇಂಗ್ಲೆಂಡಿನ ಸ್ಯಾಂಡ್ರಿಂಗಂ. ಇವತ್ತು ಹೆಚ್ಚಿನವರು ಬಳಸುವ ಸಮಯ ಸಂಜೆ 7.45.

ಆದರೆ ಒಂದು ತೊಡಕಿದೆ. ಮದುವೆಯ ಕಾಲದಲ್ಲಿ ಮಧ್ಯಾಹ್ನ 2 ಗಂಟೆಯ ಆಸುಪಾಸಿನ ಸಮಯವೂ ಚಲಾವಣೆಯಲ್ಲಿತ್ತು. ಎರಡರ ನಡುವೆ ಐದೂಮುಕ್ಕಾಲು ಗಂಟೆ ವ್ಯತ್ಯಾಸ. ಅಷ್ಟರಲ್ಲಿ ಲಗ್ನ, ಅಂದರೆ ಆ ಹೊತ್ತಿಗೆ ಪೂರ್ವದಲ್ಲಿ ಉದಯಿಸುವ ರಾಶಿ, ಎರಡು ರಾಶಿ ಮುಂದೆ ಹೋಗುತ್ತದೆ. ಚಂದ್ರ ಕೂಡ ಸುಮಾರು 3 ಡಿಗ್ರಿ ಸರಿಯುತ್ತಾನೆ. ಸಂಜೆಯ ಸಮಯ ಹಿಡಿದರೆ ನಮ್ಮ ಲೆಕ್ಕದಲ್ಲಿ ಅವರ ಜನ್ಮರಾಶಿ ಕುಂಭ. ಮಧ್ಯಾಹ್ನದ್ದು ಹಿಡಿದರೆ ಮಕರ! ಲಗ್ನದ ಮೇಲೆ, ದಶಮದ (ಹತ್ತನೇ ಮನೆಯ) ಮೇಲೆ ಕಟ್ಟಿದ ಯಾವ ವಾದವಾದರೂ ಈ 7.45 ಸರಿ ಇದ್ದರೆ ಮಾತ್ರ ನಿಲ್ಲುತ್ತದೆ. ಗ್ರಹಗಳ ಮೇಲೆ ಕಟ್ಟಿದ ವಾದಕ್ಕೆ ಅಷ್ಟು ಅಪಾಯವಿಲ್ಲ. ಓದುವಾಗ ಈ ವ್ಯತ್ಯಾಸ ನೆನಪಿರಲಿ.

1997ರ ಗ್ರಹಣ ಆದ ರಾಶಿಯನ್ನು ಪಾಶ್ಚಾತ್ಯರು ಕನ್ಯಾ ಅಂತಾರೆ, ನಮ್ಮವರು ಸಿಂಹ ಅಂತಾರೆ. ಯಾವುದು ಸರಿ?

ಎರಡೂ ಸರಿ. ಅಳತೆಪಟ್ಟಿ ಬೇರೆ, ಅಷ್ಟೇ. ಪಾಶ್ಚಾತ್ಯರದು ಸಾಯನ, ವಿಷುವದಿಂದ (ಹಗಲು ರಾತ್ರಿ ಸಮನಾಗುವಾಗ ರವಿ ಇರುವ ಬಿಂದುವಿನಿಂದ) ಅಳೆಯುತ್ತಾರೆ. ನಮ್ಮದು ನಿರಯಣ, ನಕ್ಷತ್ರಗಳಿಂದ ಅಳೆಯುತ್ತೇವೆ. ನಡುವಿನ ಅಂತರವೇ ಅಯನಾಂಶ. ನಮ್ಮಲ್ಲಿ ಹೆಚ್ಚಾಗಿ ಬಳಸುವ ಲಾಹಿರಿ ಲೆಕ್ಕದಲ್ಲಿ 1961ರಲ್ಲಿ ಅದು ಸುಮಾರು 23 ಡಿಗ್ರಿ 19 ಕಲೆ (60 ಕಲೆ ಅಂದರೆ 1 ಡಿಗ್ರಿ). 1997ರಲ್ಲಿ 23 ಡಿಗ್ರಿ 49 ಕಲೆ.

ಒಂದು ಸಮಾಧಾನದ ವಿಷಯವಿದೆ. ಒಂದು ಗ್ರಹ ಒಂದು ನಕ್ಷತ್ರದ ಜೊತೆಗಿದೆ ಅಂದರೆ ಅದು ಎರಡೂ ಪಟ್ಟಿಯಲ್ಲಿ ಜೊತೆಗೇ ಇರುತ್ತದೆ. ರಾಶಿಯ ಹೆಸರು ಮಾತ್ರ ಬದಲಾಗುತ್ತದೆ. ಈ ಚರ್ಚೆ ಸಾಯನದಲ್ಲೇ ಬೆಳೆದದ್ದು. ಹಾಗಾಗಿ ಡಿಗ್ರಿಗಳನ್ನು ಸಾಯನದಲ್ಲಿ ಕೊಡುತ್ತೇನೆ. ನಿರಯಣ ಹೇಳುವಾಗ ಹಾಗಂತ ಹೇಳುತ್ತೇನೆ.

ಸಾವಿನ ಹೊತ್ತಿಗೆ ಇದ್ದ ಗ್ರಹಣ ಯಾವುದು?

1997ರ ಸೆಪ್ಟೆಂಬರ್ ಮೊದಲ ವಾರದ ಪಾರ್ಶ್ವ ಸೂರ್ಯಗ್ರಹಣ. ಪ್ಯಾರಿಸ್ ಗಡಿಯಾರದಲ್ಲಿ ಅದರ ಮಧ್ಯಕಾಲ ಸೆಪ್ಟೆಂಬರ್ 2ರ ನಸುಕಿನ 2 ಗಂಟೆಯ ಹೊತ್ತು. ಅಂದರೆ ಸಾವು ಆಗಿ ಸುಮಾರು 46 ಗಂಟೆಗಳ ನಂತರ. ಗ್ರಹಣ ಆದದ್ದು ಕನ್ಯಾ 9 ಡಿಗ್ರಿ 34 ಕಲೆಯಲ್ಲಿ.

ಇದನ್ನು ಡಯಾನಾ ಜಾತಕದ ಪಕ್ಕ ಇಡಿ. ಅವರ ಕುಜ ಕನ್ಯಾ 1 ಡಿಗ್ರಿ 38 ಕಲೆ. ಪ್ಲೂಟೊ ಕನ್ಯಾ 6 ಡಿಗ್ರಿ 2 ಕಲೆ. ಕುಜ ಅಂದರೆ ಅಪಘಾತ, ಲೋಹ, ರಕ್ತ. ಪ್ಲೂಟೊ ಅಂದರೆ ಸಾವು. ಎರಡೂ ಒಟ್ಟಿಗಿರುವ ಜಾಗದಲ್ಲೇ ಗ್ರಹಣ! ಮೊದಲ ಸಲ ಇದನ್ನು ನೋಡಿದಾಗ ನನಗೂ ಮೈ ಜುಮ್ಮೆಂದಿತ್ತು.

ಆಮೇಲೆ ಕೂತು ಅಳೆದೆ. ಗ್ರಹಣಕ್ಕೂ ಕುಜನಿಗೂ ಅಂತರ ಸುಮಾರು 8 ಡಿಗ್ರಿ. ಗ್ರಹಣದ ಬಿಂದು ನೋಡುವಾಗ ಹೆಚ್ಚಿನವರು ಒಪ್ಪುವುದು 2 ಅಥವಾ 3 ಡಿಗ್ರಿ, ಧಾರಾಳವಾದರೆ 5. ಹಾಗಾಗಿ ಕುಜನನ್ನು ಕೈಬಿಡಬೇಕು. ಪ್ಲೂಟೊಗೆ ಮೂರೂವರೆ ಡಿಗ್ರಿ. ಅದು ಒಪ್ಪಿಗೆಯ ಅಂಚಿನಲ್ಲಿದೆ. ಆದರೆ ಪ್ಲೂಟೊ ತುಂಬಾ ನಿಧಾನ. ಡಯಾನಾ ಹುಟ್ಟಿದ ಆಸುಪಾಸಿನ ತಿಂಗಳುಗಳಲ್ಲಿ ಹುಟ್ಟಿದ ಪ್ರತಿಯೊಬ್ಬರ ಪ್ಲೂಟೊ ಕೂಡ ಅಲ್ಲೇ ಇದೆ. ಅವರೆಲ್ಲರ ಮೇಲೂ ಅದೇ ಗ್ರಹಣ ಬಿತ್ತು. ಅದನ್ನು ಡಯಾನಾ ಒಬ್ಬರದೇ ಸೂಚನೆ ಅನ್ನುವುದು ಹೇಗೆ?

ಡಿಗ್ರಿ ಲೆಕ್ಕದಲ್ಲಿ ಕರಾರುವಾಕ್ಕಾಗಿ ಸಿಗುವುದು ಇನ್ನೊಂದು. ಅವರ ರವಿ ಕರ್ಕಾಟಕ 9 ಡಿಗ್ರಿ 39 ಕಲೆ. ಗ್ರಹಣದಿಂದ ಸರಿಯಾಗಿ 60 ಡಿಗ್ರಿ. ಆದರೆ 60ರ ದೃಷ್ಟಿಯನ್ನು ಪಾಶ್ಚಾತ್ಯರು ಸೌಮ್ಯ ಅನ್ನುತ್ತಾರೆ. ಸಾವಿನ ಕಥೆಗೆ ಹೊಂದುವುದಿಲ್ಲ. ಅದಕ್ಕೇ ಇರಬೇಕು, ಇದನ್ನು ಯಾರೂ ಜಾಸ್ತಿ ಎತ್ತುವುದಿಲ್ಲ.

ಆ ಗ್ರಹಣ ಪ್ಯಾರಿಸ್‌ನಲ್ಲಿ ಕಂಡಿತ್ತಾ?

ಇಲ್ಲ. ಲಂಡನ್‌ನಲ್ಲೂ ಇಲ್ಲ. ಅದು ಕಂಡದ್ದು ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಅಂಟಾರ್ಕ್ಟಿಕಾ ಕಡೆ.

ಇದು ಸಣ್ಣ ವಿಷಯ ಅಲ್ಲ. ಗ್ರಹಣ ಎಲ್ಲಿ ಕಾಣುತ್ತದೋ ಅಲ್ಲಿಗೆ ಫಲ ಅನ್ನುವುದು ಹಳೆಯ ನಿಯಮ. 2ನೇ ಶತಮಾನದ ಗ್ರೀಕ್ ಜ್ಯೋತಿಷಿ ಟಾಲೆಮಿ ಕೂಡ ಗ್ರಹಣ ಕಾಣುವ ದೇಶಗಳಿಗೇ ಒತ್ತು ಕೊಡುತ್ತಾನೆ. ಜೊತೆಗೆ ಅವನ ಇನ್ನೊಂದು ಲೆಕ್ಕವಿದೆ: ಸೂರ್ಯಗ್ರಹಣ ಎಷ್ಟು ಗಂಟೆ ಇರುತ್ತದೋ ಅಷ್ಟು ವರ್ಷ ಫಲ, ಚಂದ್ರಗ್ರಹಣಕ್ಕೆ ಅಷ್ಟು ತಿಂಗಳು. ಅಂದರೆ ಫಲ ಗ್ರಹಣದಿಂದ ಮುಂದಕ್ಕೆ ಓಡುತ್ತದೆ. ಇಲ್ಲಿ ಸಾವು ಮೊದಲು, ಗ್ರಹಣ ಆಮೇಲೆ. ಈಗಿನವರು "ಗ್ರಹಣದ ನೆರಳು ಮುಂಚೆಯೇ ಬೀಳುತ್ತದೆ" ಅನ್ನುತ್ತಾರೆ. ಅನ್ನಬಹುದು. ಆದರೆ ಅದು ಹಳೆಯ ನಿಯಮ ಅಲ್ಲ, ನಂತರ ಸೇರಿಸಿಕೊಂಡದ್ದು.

ಅದೇ ವರ್ಷದ ಮಾರ್ಚ್ ಗ್ರಹಣವನ್ನು ಯಾಕೆ ಹೇಳುತ್ತಾರೆ?

ನನ್ನ ಮಟ್ಟಿಗೆ ಸೆಪ್ಟೆಂಬರಿನದಕ್ಕಿಂತ ಇದು ಗಟ್ಟಿ. 1997ರ ಮಾರ್ಚ್ 9, ಖಗ್ರಾಸ ಸೂರ್ಯಗ್ರಹಣ. ಮಂಗೋಲಿಯಾ, ಸೈಬೀರಿಯಾದಲ್ಲಿ ಕಂಡಿತು. ಕತ್ತಲಾದಾಗ ಹೇಲ್-ಬಾಪ್ ಧೂಮಕೇತು ಕೂಡ ಆಕಾಶದಲ್ಲಿತ್ತು. ಅದಾಗಿ ಆರು ತಿಂಗಳ ಒಳಗೆ ಸಾವು. ಇಲ್ಲಿ ಕ್ರಮ ಸರಿಯಾಗಿದೆ.

ಗ್ರಹಣದ ಜಾಗ ಮೀನ 18 ಡಿಗ್ರಿ 31 ಕಲೆ. 7.45ರ ಲೆಕ್ಕದಲ್ಲಿ ಡಯಾನಾ ಲಗ್ನ ಧನು 18 ಡಿಗ್ರಿ 24 ಕಲೆ. ಸರಿಯಾಗಿ 90 ಡಿಗ್ರಿ, 7 ಕಲೆ ಮಾತ್ರ ವ್ಯತ್ಯಾಸ. ಲಗ್ನ ಅಂದರೆ ದೇಹ, 90 ಅಂದರೆ ಪೆಟ್ಟು.

ನಿರಯಣದಲ್ಲಿ ನೋಡಿದರೆ ಆ ಗ್ರಹಣ ಆದದ್ದು ಕುಂಭದಲ್ಲಿ. ಅದು ಅವರ ಜನ್ಮರಾಶಿ. ಪಂಚಾಂಗದಲ್ಲಿ ಗ್ರಹಣದ ಫಲ ಬರೆಯುವಾಗ ಜನ್ಮರಾಶಿಯಿಂದ 3, 6, 10, 11 ಶುಭ, 2, 5, 7, 9 ಮಿಶ್ರ, 1, 4, 8, 12 ಅಶುಭ ಅಂತ ಹಾಕುತ್ತಾರಲ್ಲ, ಆ ಪ್ರಕಾರ ಮಾರ್ಚ್ ಗ್ರಹಣ ಅವರಿಗೆ ಅಶುಭ. ಸೆಪ್ಟೆಂಬರ್ ಗ್ರಹಣ ಸಿಂಹದಲ್ಲಿ, ಕುಂಭಕ್ಕೆ 7ನೆಯದು, ಮಿಶ್ರ. ಎಲ್ಲರೂ ಬೊಬ್ಬೆ ಹಾಕುವ ಗ್ರಹಣವನ್ನು ಪಂಚಾಂಗ ಬರೀ ಮಿಶ್ರ ಅನ್ನುತ್ತದೆ!

ಆದರೆ ಅಶುಭ ಪಟ್ಟಿಯಲ್ಲಿ ನಾಲ್ಕು ರಾಶಿ ಇವೆ. ಹನ್ನೆರಡರಲ್ಲಿ ನಾಲ್ಕು. ಭೂಮಿಯ ಮೇಲಿನ ಮೂರರಲ್ಲಿ ಒಬ್ಬರಿಗೆ ಪ್ರತಿ ಗ್ರಹಣವೂ ಅಶುಭ ಅಂದ ಹಾಗಾಯಿತು. ಇಷ್ಟು ಅಗಲದ ಬಲೆಯಿಂದ ಒಬ್ಬರ ಸಾವನ್ನು ಹಿಡಿಯಲು ಆಗುವುದಿಲ್ಲ.

ಅವರ ಬದುಕಿನ ಬೇರೆ ಘಟನೆಗಳಲ್ಲೂ ಗ್ರಹಣ ಇತ್ತಂತೆ, ನಿಜವಾ?

ನಿಜ. ಈ ಜಾತಕ ನನ್ನನ್ನು ಹಿಡಿದು ಕೂರಿಸಿದ್ದೇ ಇಲ್ಲಿ.

1981ರ ಜುಲೈ 29ರಂದು ಲಂಡನ್‌ನ ಸೇಂಟ್ ಪಾಲ್ಸ್ ಚರ್ಚಿನಲ್ಲಿ ಯುವರಾಜ ಚಾರ್ಲ್ಸ್ ಜೊತೆ ಮದುವೆ. ಎರಡೇ ದಿನಕ್ಕೆ, ಜುಲೈ 31ರಂದು ಖಗ್ರಾಸ ಸೂರ್ಯಗ್ರಹಣ. 1982ರ ಜೂನ್ 21ರಂದು ಮೊದಲ ಮಗ ವಿಲಿಯಂ ಹುಟ್ಟಿದರು. ಅವತ್ತೇ ಪಾರ್ಶ್ವ ಸೂರ್ಯಗ್ರಹಣ.

ಆಮೇಲೆ 1992ರ ಡಿಸೆಂಬರ್ 9. ಪ್ರಧಾನಿ ಜಾನ್ ಮೇಜರ್ ಸಂಸತ್ತಿನಲ್ಲಿ ಎದ್ದು ನಿಂತು ಚಾರ್ಲ್ಸ್ ಮತ್ತು ಡಯಾನಾ ಬೇರೆಯಾಗುತ್ತಿದ್ದಾರೆ ಅಂತ ಹೇಳಿದರು. ಅದೇ ರಾತ್ರಿ ಸಂಪೂರ್ಣ ಚಂದ್ರಗ್ರಹಣ. ಈ ಸಲ ಬ್ರಿಟನ್ನಿನ ಆಕಾಶದಲ್ಲೇ. ಚಂದ್ರ ಇದ್ದದ್ದು ಮಿಥುನ 18 ಡಿಗ್ರಿ 10 ಕಲೆಯಲ್ಲಿ. ಅವರ ಲಗ್ನ ಧನು 18 ಡಿಗ್ರಿ 24 ಕಲೆ. ಅಂದರೆ ಚಂದ್ರ ಸರಿಯಾಗಿ ಸಪ್ತಮದ ಬಾಗಿಲಲ್ಲಿದ್ದ. ಸಪ್ತಮ ಅಂದರೆ ಮದುವೆ. ಕಾಲು ಡಿಗ್ರಿ ಕೂಡ ತಪ್ಪಿಲ್ಲ. ನಿರಯಣದಲ್ಲೂ ಅಷ್ಟೇ: ಲಗ್ನ ವೃಶ್ಚಿಕ, ಗ್ರಹಣ ವೃಷಭದಲ್ಲಿ, ಏಳನೇ ಮನೆ.

ಗ್ರಹಣದ ಪಾಠ ಹೇಳಬೇಕಾದರೆ ನಾನು ತೋರಿಸುವುದು ಈ 1992ರ ಗ್ರಹಣವನ್ನು. ಸಾವಿನ ಗ್ರಹಣವನ್ನಲ್ಲ. ಸ್ಥಳ, ದಿನ, ಡಿಗ್ರಿ, ಅರ್ಥ ನಾಲ್ಕೂ ಒಂದೇ ಕಡೆ ಸೇರುವುದು ಅಲ್ಲಿ ಮಾತ್ರ.

ತಪ್ಪಿದ್ದನ್ನೂ ಹೇಳಬೇಕು ಅಲ್ವಾ? 1961ರಲ್ಲಿ ಅವರು ಹುಟ್ಟಿದಾಗ ಹತ್ತಿರದಲ್ಲಿ ಗ್ರಹಣವಿಲ್ಲ. 1984ರ ಸೆಪ್ಟೆಂಬರ್ 15ರಂದು ಹ್ಯಾರಿ ಹುಟ್ಟಿದಾಗಲೂ ಇಲ್ಲ. 1996ರ ಆಗಸ್ಟ್ 28ರಂದು ವಿಚ್ಛೇದನ ಪೂರ್ತಿಯಾಯಿತು. ಅದಕ್ಕೆ ಹತ್ತಿರದ ಗ್ರಹಣ ಬಂದದ್ದು ಒಂದು ತಿಂಗಳ ನಂತರ.

ಏಳು ಘಟನೆಯಲ್ಲಿ ನಾಲ್ಕು! ಇದು ಬರೀ ಕಾಕತಾಳೀಯ ಆಗುತ್ತದಾ?

ಲೆಕ್ಕ ಮಾಡಿ ನೋಡೋಣ. ವರ್ಷಕ್ಕೆ ಕಡಿಮೆ ಅಂದರೂ 4 ಗ್ರಹಣ, ಸೂರ್ಯನದು ಚಂದ್ರನದು ಸೇರಿ. 7ರವರೆಗೂ ಹೋಗಬಹುದು. ನಾಲ್ಕೇ ಅಂದುಕೊಳ್ಳಿ. ಪ್ರತಿ ಗ್ರಹಣಕ್ಕೆ ಹಿಂದೆ ಎರಡು ದಿನ, ಮುಂದೆ ಎರಡು ದಿನ ಸೇರಿಸಿದರೆ 5 ದಿನ. ಒಟ್ಟು 20 ದಿನ. ವರ್ಷದ ಹದಿನೆಂಟರಲ್ಲಿ ಒಂದು ಪಾಲು. ಏಳು ಘಟನೆಯಲ್ಲಿ ಒಂದು ಬಿದ್ದರೂ ಅದೃಷ್ಟವೇ. ನಾಲ್ಕು ಬಿದ್ದಿದೆ. ಹೌದು, ಅಚ್ಚರಿಯೇ. ಅದನ್ನು ಮುಚ್ಚಿಡುವ ಅಗತ್ಯವಿಲ್ಲ.

ಆದರೆ ಈ ಜಾತಕ ನಮ್ಮ ಕೈಗೆ ಹೇಗೆ ಬಂತು ಅಂತ ಯೋಚಿಸಿ. ಸಾವಿರಾರು ಪ್ರಸಿದ್ಧರ ಜಾತಕ ತಿರುವಿ ಹಾಕಿದವರು ಗ್ರಹಣ ಚೆನ್ನಾಗಿ ಕೂತಿದ್ದನ್ನೇ ಆರಿಸಿ ಪಾಠಕ್ಕೆ ಇಟ್ಟಿದ್ದಾರೆ. ಕೂರದೇ ಇದ್ದವನ್ನು ಯಾರೂ ಬರೆಯಲಿಲ್ಲ. ಲಾಟರಿ ಹೊಡೆದವನನ್ನು ಮಾತ್ರ ಕರೆದು ಮಾತಾಡಿಸಿದರೆ ಲಾಟರಿ ಎಲ್ಲರಿಗೂ ಹೊಡೆಯುತ್ತದೆ ಅನ್ನಿಸುತ್ತದೆ.

ಇನ್ನೊಂದು ಲೆಕ್ಕವನ್ನು ನೀವೇ ಮಾಡಿ ನೋಡಿ. ಎಷ್ಟೋ ಲೇಖನಗಳಲ್ಲಿ "ಸಾವಿಗೆ ಒಂದು ತಿಂಗಳ ಒಳಗೆ ಗ್ರಹಣವಿತ್ತು" ಅಂತ ಬರೆಯುತ್ತಾರೆ. ಗ್ರಹಣಗಳು ಸುಮಾರು ಆರು ತಿಂಗಳಿಗೊಮ್ಮೆ ಜೋಡಿಯಾಗಿ ಬರುತ್ತವೆ, ಹದಿನೈದು ದಿನದ ಅಂತರದಲ್ಲಿ. ಜೋಡಿಗೆ ಹಿಂದೊಂದು ತಿಂಗಳು, ಮುಂದೊಂದು ತಿಂಗಳು ಸೇರಿಸಿ. 75 ದಿನ. ವರ್ಷಕ್ಕೆ ಎರಡು ಜೋಡಿ, 150 ದಿನ. ಯಾರೇ ಯಾವಾಗ ಸತ್ತರೂ ಹತ್ತರಲ್ಲಿ ನಾಲ್ಕು ಸಾವು ಆ ಲೆಕ್ಕಕ್ಕೆ ಸಿಗುತ್ತದೆ. ಇನ್ನು ಜಾತಕದ ಹತ್ತು ಗ್ರಹ, ಲಗ್ನ, ದಶಮ ಸೇರಿ ಹನ್ನೆರಡು ಬಿಂದು. ಪ್ರತಿಯೊಂದಕ್ಕೂ ಆಚೆ ಈಚೆ 3 ಡಿಗ್ರಿ ಬಿಟ್ಟು, ಎದುರು ಜಾಗವನ್ನೂ ಸೇರಿಸಿದರೆ 144 ಡಿಗ್ರಿ. 360ರಲ್ಲಿ 144! ಸುಮ್ನೆ ಕಣ್ಣು ಮುಚ್ಚಿ ಕಲ್ಲು ಎಸೆದರೂ ತಾಗುತ್ತದೆ.

ಅವರು ಹುಟ್ಟುವ ಮುಂಚಿನ ಗ್ರಹಣದ ಮಾತೇನು?

ಕೆಲವು ಪಾಶ್ಚಾತ್ಯ ಜ್ಯೋತಿಷಿಗಳು ಮಗು ಗರ್ಭದಲ್ಲಿದ್ದಾಗ ಆದ ಗ್ರಹಣವನ್ನು ಇಡೀ ಬದುಕಿನ ಗುರುತು ಅಂತ ನೋಡುತ್ತಾರೆ. ಡಯಾನಾಗೆ ಅದು 1961ರ ಫೆಬ್ರವರಿ 15ರ ಖಗ್ರಾಸ ಸೂರ್ಯಗ್ರಹಣ. ದಕ್ಷಿಣ ಫ್ರಾನ್ಸ್, ಇಟಲಿ ದಾಟಿ ಪೂರ್ವಕ್ಕೆ ಹೋಯಿತು. ಜಾಗ ಕುಂಭ 26 ಡಿಗ್ರಿ 25 ಕಲೆ. ಅವರ ಚಂದ್ರ ಕುಂಭ 25 ಡಿಗ್ರಿ 2 ಕಲೆ. ಹತ್ತಿರವೇ ಇದೆ. ಚಂದ್ರ ಅಂದರೆ ತಾಯಿ, ಮನಸ್ಸು, ಜನ. ಚಿಕ್ಕವಯಸ್ಸಿನಲ್ಲೇ ತಂದೆ ತಾಯಿ ಬೇರೆಯಾದದ್ದು, ಜನ ಅವರನ್ನು ಅಷ್ಟು ಹಚ್ಚಿಕೊಂಡದ್ದು ಎರಡನ್ನೂ ಇದರಲ್ಲಿ ಓದುತ್ತಾರೆ. ಬದುಕಿನ ಬಣ್ಣ ಹೇಳಲು ಚೆನ್ನಾಗಿದೆ. ಸಾವಿಗೆ ಇದನ್ನು ಎಳೆಯುವುದು ಬೇಡ.

ಸ್ಥಿರ ನಕ್ಷತ್ರ ಅಂದರೆ ನಮ್ಮ ಅಶ್ವಿನಿ, ಭರಣಿ ತರಹವೇ?

ಪೂರ್ತಿ ಅಲ್ಲ. ನಮ್ಮ 27 ನಕ್ಷತ್ರ ಅಂದರೆ 13 ಡಿಗ್ರಿ 20 ಕಲೆಯ ಭಾಗಗಳು. ಪಾಶ್ಚಾತ್ಯರು ಹೇಳುವುದು ಒಂದೊಂದು ಬಿಡಿ ಚುಕ್ಕಿಯನ್ನು. ಆದರೆ ನಮ್ಮ ಪ್ರತಿ ನಕ್ಷತ್ರಕ್ಕೂ ಒಂದು ಯೋಗತಾರೆ (ಗುರುತಿನ ಮುಖ್ಯ ಚುಕ್ಕಿ) ಇರುತ್ತದಲ್ಲ, ಅಲ್ಲಿ ಎರಡೂ ಸೇರುತ್ತವೆ. ರೆಗ್ಯುಲಸ್ ನಮ್ಮ ಮಖಾ. ಸ್ಪೈಕಾ ನಮ್ಮ ಚಿತ್ತಾ. ಆಲ್ಡೆಬರಾನ್ ರೋಹಿಣಿ. ಅಂಟಾರೆಸ್ ಜ್ಯೇಷ್ಠಾ.

ಸ್ಥಿರ ಅಂದರೂ ಸಾಯನ ಲೆಕ್ಕದಲ್ಲಿ ಇವು 72 ವರ್ಷಕ್ಕೆ ಸುಮಾರು 1 ಡಿಗ್ರಿ ಸರಿಯುತ್ತವೆ. 1961ರ ಜಾತಕಕ್ಕೆ ಇವತ್ತಿನ ಪಟ್ಟಿ ಹಿಡಿದು ಕೂತರೆ ಮುಕ್ಕಾಲು ಡಿಗ್ರಿಗಿಂತ ಜಾಸ್ತಿ ತಪ್ಪಾಗುತ್ತದೆ. ನಕ್ಷತ್ರಕ್ಕೆ ಬಿಡುವ ಅಂತರವೇ 1 ಡಿಗ್ರಿ. ಈ ತಪ್ಪು ತುಂಬಾ ಜನ ಮಾಡುತ್ತಾರೆ.

ಮಖಾ ನಕ್ಷತ್ರಕ್ಕೂ ಡಯಾನಾಗೂ ಏನು ಸಂಬಂಧ?

1961ರಲ್ಲಿ ಮಖಾ ತಾರೆ ಸಿಂಹ 29 ಡಿಗ್ರಿ 17 ಕಲೆಯಲ್ಲಿತ್ತು. ಅವರ ರಾಹು ಸಿಂಹ 28 ಡಿಗ್ರಿ 10 ಕಲೆ. ಕುಜ ಆಚೆ ಬದಿಯಲ್ಲಿ, ಕನ್ಯಾ 1 ಡಿಗ್ರಿ 38 ಕಲೆ. ತಾರೆಯ ಒಂದು ಪಕ್ಕ ರಾಹು, ಇನ್ನೊಂದು ಪಕ್ಕ ಕುಜ.

ಪಾಶ್ಚಾತ್ಯರಿಗೆ ಇದು ರಾಜತಾರೆ. ಎತ್ತರಕ್ಕೆ ಏರಿಸುತ್ತದೆ, ಸೇಡಿನ ದಾರಿ ಹಿಡಿದರೆ ಕೆಳಗೆ ತಳ್ಳುತ್ತದೆ ಅನ್ನುತ್ತಾರೆ. ನಮ್ಮಲ್ಲೂ ಮಖಾದ ಗುರುತು ಸಿಂಹಾಸನ. ಅಧಿದೇವತೆ ಪಿತೃಗಳು. ಅಂದರೆ ವಂಶ, ಮನೆತನ. ರಾಜಮನೆತನಕ್ಕೆ ಸೊಸೆಯಾಗಿ ಹೋಗಿ, ಮುಂದಿನ ರಾಜನ ತಾಯಿಯಾಗಿ, ಸಿಂಹಾಸನದ ಹತ್ತಿರ ಹೋಗಿಯೂ ಕೂರದೇ ಹೊರಬಂದ ಹೆಣ್ಣುಮಗಳು. ನಿರಯಣದಲ್ಲಿ ರಾಹು, ಕುಜ ಎರಡೂ ಮಖಾದಲ್ಲೇ, ದಶಮದಲ್ಲಿ. ಎರಡು ಪರಂಪರೆಗಳು ದೂರದೂರದಲ್ಲಿ ಇದ್ದುಕೊಂಡು ಒಂದೇ ಚುಕ್ಕಿಗೆ ರಾಜತ್ವದ ಅರ್ಥ ಕೊಟ್ಟಿವೆ. ಅದು ನನಗೆ ಬಹಳ ಇಷ್ಟ.

ಅಲ್ಗಾಲ್ ಅಂದರೆ ಎಲ್ಲರೂ ಯಾಕೆ ಹೆದರುತ್ತಾರೆ?

ಹೆಸರೇ ಹಾಗಿದೆ. ಅರಬ್ಬಿಯಲ್ಲಿ "ಭೂತದ ತಲೆ" ಅಂತ ಅರ್ಥ. ಗ್ರೀಕರು ಇದನ್ನು ಹಾವಿನ ಕೂದಲಿನ ರಾಕ್ಷಸಿ ಮೆಡೂಸಾಳ ಕತ್ತರಿಸಿದ ತಲೆ ಅಂದರು. ಹಳೆಯ ಪಾಶ್ಚಾತ್ಯ ಗ್ರಂಥಗಳಲ್ಲಿ ಇದಕ್ಕಿಂತ ಕೆಟ್ಟ ಹೆಸರು ಪಡೆದ ನಕ್ಷತ್ರ ಇನ್ನೊಂದಿಲ್ಲ.

1961ರಲ್ಲಿ ಅಲ್ಗಾಲ್ ವೃಷಭ 25 ಡಿಗ್ರಿ 37 ಕಲೆ. ಡಯಾನಾ ಅವರ ಶುಕ್ರ ವೃಷಭ 24 ಡಿಗ್ರಿ 24 ಕಲೆ. ಅಂತರ 1 ಡಿಗ್ರಿ 13 ಕಲೆ. "ಸೌಂದರ್ಯದ ಗ್ರಹದ ಮೇಲೆ ಭೂತದ ತಲೆ" ಅಂತ ಬರೆಯಲು ಇಷ್ಟು ಸಾಕು. ಹಾಗೇ ಬರೆದಿದ್ದಾರೆ ಕೂಡ.

ನಾನು ಇದನ್ನು ಒಪ್ಪುವುದಿಲ್ಲ. ಒಂದು, 1 ಡಿಗ್ರಿಯ ಗೆರೆ ದಾಟಿದೆ. ಎರಡು, ಅಲ್ಗಾಲ್ ಇರುವುದು ಕ್ರಾಂತಿವೃತ್ತದಿಂದ (ಆಕಾಶದಲ್ಲಿ ಸೂರ್ಯ ಸಾಗುವ ದಾರಿಯಿಂದ) 22 ಡಿಗ್ರಿಗೂ ಹೆಚ್ಚು ಉತ್ತರಕ್ಕೆ. ಯಾವ ಗ್ರಹವೂ ಆಕಾಶದಲ್ಲಿ ಅದರ ಪಕ್ಕ ಹೋಗುವುದೇ ಇಲ್ಲ. ಕಾಗದದ ಮೇಲೆ ಡಿಗ್ರಿ ಒಂದೇ, ಅಷ್ಟೇ. ಮಖಾ ಹಾಗಲ್ಲ. ಅದು ಕ್ರಾಂತಿವೃತ್ತದಿಂದ ಅರ್ಧ ಡಿಗ್ರಿ ದೂರದಲ್ಲಿದೆ. ಚಂದ್ರ ಆಗಾಗ ಅದನ್ನು ಮುಚ್ಚುತ್ತಾನೆ. ಈ ವ್ಯತ್ಯಾಸ ಗೊತ್ತಿದ್ದ ಕೆಲವರು ಡಿಗ್ರಿ ಬಿಟ್ಟು, ನಕ್ಷತ್ರ ಮತ್ತು ಗ್ರಹ ಒಂದೇ ಹೊತ್ತಿಗೆ ಉದಯಿಸುತ್ತವಾ, ನೆತ್ತಿಗೆ ಬರುತ್ತವಾ ಅಂತ ನೋಡುತ್ತಾರೆ. ಅದು ಹೆಚ್ಚು ಪ್ರಾಮಾಣಿಕ ದಾರಿ.

ಒಳ್ಳೆಯ ನಕ್ಷತ್ರ ಯಾವುದೂ ಇರಲಿಲ್ಲವಾ?

ಇತ್ತು. ಸಾವಿನ ಗಲಾಟೆಯಲ್ಲಿ ಅದನ್ನು ಮರೆಯುತ್ತಾರೆ. ದಶಮದ ಬಿಂದು (ಹುಟ್ಟಿದಾಗ ನೆತ್ತಿಯ ಕಡೆ ಇದ್ದ ಬಿಂದು) ತುಲಾ 23 ಡಿಗ್ರಿ 3 ಕಲೆ. ಚಿತ್ತಾ ತಾರೆ 1961ರಲ್ಲಿ ತುಲಾ 23 ಡಿಗ್ರಿ 18 ಕಲೆ. ಬರೀ 15 ಕಲೆ ಅಂತರ. ಚಿತ್ತಾ ಅಂದರೆ ಕೀರ್ತಿ, ಕೊಡುಗೆ, ಕೈಯಲ್ಲಿ ಹಿಡಿದ ತೆನೆ. 1987ರಲ್ಲಿ ಅವರು ಲಂಡನ್‌ನಲ್ಲಿ ಏಡ್ಸ್ ರೋಗಿಯ ಕೈಯನ್ನು ಕೈಗವಸಿಲ್ಲದೆ ಕುಲುಕಿದರು. ಮುಟ್ಟಿದರೆ ಅಂಟುತ್ತದೆ ಅಂತ ಜನ ಹೆದರುತ್ತಿದ್ದ ಕಾಲ ಅದು. 1997ರ ಜನವರಿಯಲ್ಲಿ ಅಂಗೋಲಾದ ನೆಲಬಾಂಬ್ ಹೊಲದಲ್ಲಿ ನಡೆದರು. ಜಗತ್ತು ಅವರನ್ನು ನೆನೆಯುವುದು ಇವಕ್ಕೇ. ನನ್ನ ಕಣ್ಣಿಗೆ ಈ ಜಾತಕದ ಮುಖ್ಯ ನಕ್ಷತ್ರ ಚಿತ್ತಾ.

ಒಂದು ಎಚ್ಚರಿಕೆ: ದಶಮದ ಬಿಂದು 4 ನಿಮಿಷಕ್ಕೆ 1 ಡಿಗ್ರಿ ಸರಿಯುತ್ತದೆ. 7.45 ಅನ್ನುವುದು 7.40 ಆಗಿದ್ದರೂ ಚಿತ್ತಾ ಕೈತಪ್ಪುತ್ತದೆ.

ನಮ್ಮ ದಶಾ ಪದ್ಧತಿ ಏನು ಹೇಳುತ್ತದೆ?

ದಶೆ ಅಂದರೆ ಬದುಕನ್ನು ಗ್ರಹಗಳಿಗೆ ಹಂಚಿದ ಕಾಲ, ಭುಕ್ತಿ ಅಂದರೆ ಅದರ ಒಳಭಾಗ. ಜನ್ಮನಕ್ಷತ್ರ ಧನಿಷ್ಠಾ ಮೂರನೇ ಪಾದ, ವೃಶ್ಚಿಕ ಲಗ್ನ ಹಿಡಿದರೆ 1997ರ ಆಗಸ್ಟಿನಲ್ಲಿ ಗುರು ದಶೆಯ ಕೊನೆಯ ರಾಹು ಭುಕ್ತಿ. ಗುರು ಎರಡನೇ ಮನೆಯ ಒಡೆಯ, ಹಾಗಾಗಿ ಮಾರಕ (ಸಾವು ತರಬಲ್ಲವನು). ಮಕರದಲ್ಲಿ ನೀಚ (ಬಲಹೀನ), ಶನಿ ಜೊತೆಗಿದ್ದು ಆ ನೀಚತ್ವ ಭಂಗವಾಗಿದೆ. ರಾಹು ಸಿಂಹದಲ್ಲಿ ಕುಜನ ಜೊತೆ. ಗೋಚಾರದ (ಆಗ ಆಕಾಶದಲ್ಲಿದ್ದ) ರಾಹುವೂ ಸಿಂಹದಲ್ಲೇ. ಗ್ರಹಣವೂ ಸಿಂಹದಲ್ಲೇ. ರಾಹು ಭುಕ್ತಿಯಲ್ಲಿ, ರಾಹು ಇದ್ದ ರಾಶಿಯಲ್ಲಿ ಗ್ರಹಣ. ಸಾಯನದಲ್ಲಿ ಸಡಿಲವಾಗಿ ಕಂಡ ಸೆಪ್ಟೆಂಬರ್ ಗ್ರಹಣ ಇಲ್ಲಿ ಸ್ವಲ್ಪ ಬಿಗಿಯಾಗುತ್ತದೆ. ಆದರೆ ಈ ಭುಕ್ತಿ ಎರಡೂಕಾಲು ವರ್ಷಕ್ಕೂ ಮೀರಿ ಇರುತ್ತದೆ. ಅಷ್ಟು ದಿನದಲ್ಲಿ ಒಂದು ದಿನವನ್ನು ಬೆರಳಿಟ್ಟು ತೋರಿಸುವುದು ಆಗದ ಮಾತು.

ಮದರ್ ತೆರೇಸಾ ಕೂಡ ಅದೇ ವಾರ ತೀರಿಕೊಂಡರಲ್ಲ?

ಹೌದು, 1997ರ ಸೆಪ್ಟೆಂಬರ್ 5ರಂದು, 87ನೇ ವಯಸ್ಸಿನಲ್ಲಿ. ಹೃದಯದ ತೊಂದರೆ ವರ್ಷಗಳಿಂದ ಇತ್ತು. ಒಂದೇ ಗ್ರಹಣ ಇಬ್ಬರನ್ನು ಕರೆದೊಯ್ಯಿತು ಅಂತ ಕೆಲವರು ಹೇಳುತ್ತಾರೆ. ಈ ಲೆಕ್ಕ ನೋಡಿ. ಆ ಗ್ರಹಣ ರವಿಯ ಮೇಲೇ ಬಿದ್ದದ್ದು ಸೆಪ್ಟೆಂಬರ್ 1, 2, 3ರ ಆಸುಪಾಸಿನಲ್ಲಿ ಹುಟ್ಟಿದವರಿಗೆ. ಆಗ ಜಗತ್ತಿನ ಜನಸಂಖ್ಯೆ ಸುಮಾರು 590 ಕೋಟಿ. ಮೂರು ದಿನದ ಪಾಲು 4 ಕೋಟಿ 80 ಲಕ್ಷಕ್ಕೂ ಜಾಸ್ತಿ. ಅವರಲ್ಲಿ ಹೆಚ್ಚಿನವರು ಆ ವರ್ಷವೂ ಹುಟ್ಟುಹಬ್ಬ ಮಾಡಿಕೊಂಡು ತಮ್ಮ ಪಾಡಿಗೆ ಇದ್ದರು.

ನನ್ನ ಜಾತಕದ ಮೇಲೆ ಗ್ರಹಣ ಬೀಳುತ್ತಿದೆ. ಹೆದರಬೇಕಾ?

ಬೇಡ. ಈ ಪ್ರಶ್ನೆಗಾಗಿಯೇ ಇಷ್ಟೆಲ್ಲ ಬರೆದೆ ಅಂದರೂ ಸರಿ.

ಒಬ್ಬ ಹುಡುಗ ನನ್ನ ಹತ್ತಿರ ಬಂದಿದ್ದ. ಇಪ್ಪತ್ತೆರಡು ಇಪ್ಪತ್ಮೂರು ಇರಬಹುದು. ಫೋನಿನಲ್ಲಿ ಒಂದು ಸ್ಕ್ರೀನ್‌ಶಾಟ್ ಇಟ್ಟುಕೊಂಡಿದ್ದ. "ಗ್ರಹಣ ಚಂದ್ರನ ಮೇಲೆ, ಅಲ್ಗಾಲ್ ಜೊತೆ, ಡಯಾನಾಗೆ ಆದ ಹಾಗೆ" ಅಂತ ಬರೆದಿತ್ತು. ನಾಲ್ಕು ರಾತ್ರಿ ಸರಿಯಾಗಿ ಮಲಗಿರಲಿಲ್ಲ. ಮಾತಾಡುವಾಗ ಫೋನನ್ನು ಮೇಜಿನ ಮೇಲೆ ಮಗುಚಿ ಇಡುವುದು, ಮತ್ತೆ ತೆಗೆದು ನೋಡುವುದು, ಅದೇ ಮಾಡುತ್ತಿದ್ದ. ನಾನು ಪಂಚಾಂಗ ತೆಗೆದು ಅವನ ಕೈಗೇ ಪೆನ್ಸಿಲ್ ಕೊಟ್ಟು ಕಳೆಯಲು ಹೇಳಿದೆ. ಗ್ರಹಣಕ್ಕೂ ಅವನ ಚಂದ್ರನಿಗೂ ಅಂತರ 6 ಡಿಗ್ರಿ ಬಂತು. ಡಯಾನಾ ಚಂದ್ರ ಅಲ್ಗಾಲ್ ಜೊತೆ ಇರಲೇ ಇಲ್ಲ ಅಂತ ಅವರ ಕುಂಡಲಿ ಬರೆದು ತೋರಿಸಿದೆ. ಅವನು ಇನ್ನೊಂದು ಸಲ ಕಳೆದ. ಮತ್ತೆ 6 ಬಂತು. ಆಮೇಲೆ ನೀರು ಕೇಳಿ ಕುಡಿದ.

ಅಂತರ ಸೊನ್ನೆ ಬಂದಿದ್ದರೂ ನಾನು ಅದೇ ಹೇಳುತ್ತಿದ್ದೆ. ಕೋಟ್ಯಂತರ ಜನರ ಮೇಲೆ ಬೀಳುವ ಗ್ರಹಣ ಸಾವಿನ ತೀರ್ಪು ಆಗುವುದಿಲ್ಲ. ಬದುಕಿರುವವರಿಗೆ ಸಾವಿನ ದಿನ ಹೇಳುವವರು ಯಾರೇ ಆಗಿರಲಿ, ಅಲ್ಲಿಂದ ಎದ್ದು ಬನ್ನಿ. ಹಣ ಕೇಳಿದರಂತೂ ಬೇಗ ಎದ್ದು ಬನ್ನಿ. ವರಾಹಮಿಹಿರ 6ನೇ ಶತಮಾನದಲ್ಲೇ ಬೃಹತ್ಸಂಹಿತೆಯಲ್ಲಿ ಬರೆದಿದ್ದಾನೆ: ಚಂದ್ರಗ್ರಹಣದಲ್ಲಿ ಚಂದ್ರ ಭೂಮಿಯ ನೆರಳಿಗೆ ಹೋಗುತ್ತಾನೆ, ಸೂರ್ಯಗ್ರಹಣದಲ್ಲಿ ಸೂರ್ಯನಿಗೆ ಅಡ್ಡ ಬರುತ್ತಾನೆ ಅಂತ. ಫಲ ಬರೆದವನೇ ಕಾರಣವನ್ನೂ ಬರೆದಿದ್ದಾನೆ. ನಾವು ಫಲ ಮಾತ್ರ ಎತ್ತಿಕೊಂಡು ಜನರನ್ನು ಹೆದರಿಸುವುದು ಆ ವಿದ್ಯೆಗೆ ಮಾಡುವ ಅನ್ಯಾಯ.

ಮನಸ್ಸು ತೀರಾ ಕೆಟ್ಟು ನಿದ್ದೆ ಬರುತ್ತಿಲ್ಲ ಅಂದರೆ ಜ್ಯೋತಿಷಿಯ ಹತ್ತಿರ ಬೇಡ, ವೈದ್ಯರ ಹತ್ತಿರ ಹೋಗಿ.

ಈ ನಕ್ಷತ್ರಗಳನ್ನು ಕಣ್ಣಾರೆ ನೋಡಬಹುದಾ?

ನೋಡಿ, ಖಂಡಿತ ನೋಡಿ. ಮಾರ್ಚ್, ಏಪ್ರಿಲ್ ಸಂಜೆಗಳಲ್ಲಿ ಮಖಾ ಎತ್ತರದಲ್ಲಿರುತ್ತದೆ. ಕುಡುಗೋಲಿನ ಆಕಾರದ ಚುಕ್ಕಿಗಳ ಹಿಡಿಯ ತುದಿಯಲ್ಲಿ. ಚಿತ್ತಾ ಸಿಗಬೇಕಾದರೆ ಸಪ್ತರ್ಷಿ ಮಂಡಲದ ಬಾಲದ ಬಾಗನ್ನು ಹಾಗೇ ಮುಂದುವರಿಸಿ. ಮೊದಲು ಕಿತ್ತಳೆ ಬಣ್ಣದ ಸ್ವಾತಿ, ಆಮೇಲೆ ತಿಳಿನೀಲಿ ಚಿತ್ತಾ.

ಅಲ್ಗಾಲ್ ನೋಡಲು ನವೆಂಬರಿನಿಂದ ಜನವರಿವರೆಗಿನ ರಾತ್ರಿಗಳು ಒಳ್ಳೆಯವು. ಅದು ಒಂಟಿ ನಕ್ಷತ್ರ ಅಲ್ಲ. ಎರಡು ನಕ್ಷತ್ರಗಳು ಒಂದನ್ನೊಂದು ಸುತ್ತುತ್ತಿವೆ. 2 ದಿನ 20 ಗಂಟೆ 49 ನಿಮಿಷಕ್ಕೊಮ್ಮೆ ಮಂಕು ನಕ್ಷತ್ರ ಹೊಳೆಯುವ ನಕ್ಷತ್ರಕ್ಕೆ ಅಡ್ಡ ಬರುತ್ತದೆ. ಅಲ್ಲೂ ಗ್ರಹಣವೇ! ಇದು ಹೀಗಿರಬಹುದು ಅಂತ 1783ರಲ್ಲಿ ಹೇಳಿದವನು ಜಾನ್ ಗುಡ್‌ರಿಕ್. ಅವನಿಗೆ ಕಿವಿ ಕೇಳುತ್ತಿರಲಿಲ್ಲ, ವಯಸ್ಸು ಇನ್ನೂ ಇಪ್ಪತ್ತೂ ಆಗಿರಲಿಲ್ಲ. ಗ್ರಹಣ ಶುರುವಾಗಿ ಮುಗಿಯಲು ಸುಮಾರು 10 ಗಂಟೆ ಬೇಕು. ದುರ್ಬೀನು ಬೇಡ. ಪಕ್ಕದ ಚುಕ್ಕಿಯ ಜೊತೆ ಹೋಲಿಸುತ್ತಾ ಕೂತರೆ ಭೂತದ ತಲೆ ಮೆಲ್ಲಗೆ ಮಂಕಾಗಿ, ಮೂರನೇ ಒಂದು ಪಾಲಿನಷ್ಟು ಬೆಳಕಿಗೆ ಇಳಿದು, ನಸುಕಿನ ಹೊತ್ತಿಗೆ ಮತ್ತೆ ಮೊದಲಿನ ಹಾಗೆ ಹೊಳೆಯುತ್ತದೆ.